ಅರವತ್ತನಾಲ್ಕು ಕಂಪ್ಯೂಟರ್, ಒಂದೇ ಹೊತ್ತು

ಬೆಳಗಿನ ನಾಲ್ಕೂಮುಕ್ಕಾಲು. ಬ್ಲಿಟಾರ್ ಪಟ್ಟಣದ ಹತ್ತಿರದ ಪುಟ್ಟ ಆಸ್ಪತ್ರೆಯ ತಾರಸಿಯ ಮೇಲೆ ಎಲ್ಲರೂ ಗೌರವದಿಂದ ಪಾಕ್ ಎನ್ನುವ ತುಕಿರಾನ್ ಒದ್ದೆ ಬಟ್ಟೆಯಿಂದ ಆಂಟೆನಾ ಒರೆಸುತ್ತಿದ್ದಾರೆ. ಉಪಗ್ರಹದಿಂದ ಸರಿಯಾದ ಸಮಯ ಹಿಡಿಯುವುದು ಈ ಅಂಗೈಯಗಲದ ಬಿಲ್ಲೆ. ಕೆಳಗಿನ ಕೋಣೆಯ ಹಳೆಯ ಕಂಪ್ಯೂಟರೊಂದು ಆ ಸಮಯವನ್ನು ಆಸ್ಪತ್ರೆಯ ಅರವತ್ತನಾಲ್ಕು ಕಂಪ್ಯೂಟರ್‌ಗಳಿಗೂ ಹಂಚುತ್ತದೆ. ಇದನ್ನು ಕೂರಿಸಿದವರು ವೈರಿಂಗ್ ಕೆಲಸಕ್ಕೆಂದು ಸೇರಿದ ಈ ಐವತ್ತಾರರ ಮನುಷ್ಯ.

ಇಳಿದು ಬರುವಾಗ ಹೆಂಗಸರ ವಾರ್ಡಿನ ಹಿರಿಯ ನರ್ಸ್ ಮುರ್ತಿನಿ ಅಡ್ಡಗಟ್ಟುತ್ತಾರೆ. "ನಿಮ್ಮ ಸರಿಯಾದ ಟೈಮ್‌ಗೆ ಡಾಕ್ಟರು ಹೆದರಲ್ಲ ಪಾಕ್. ಗಡಿಯಾರ ಮುಂದಿಟ್ಟಿದ್ದಾಗಲೇ ಚೆನ್ನಾಗಿತ್ತು."

"ಗೋಡೆ ಗಡಿಯಾರನ ಬೇಕಾದ್ರೆ ನಾಳೆಗೇ ತಿರುಗಿಸ್ಕೊಳ್ಳಿ ಬು ಮುರ್ತಿನಿ. ಕಂಪ್ಯೂಟರ್ ಮಾತ್ರ ಮುಟ್ಟಬೇಡಿ."

ತಡವಾಗಿ ಬರುವವರಿಗಾಗಿ ಗಡಿಯಾರ ಮುಂದಿಡುವುದು ಇಲ್ಲಿ ಎಲ್ಲರ ಅಭ್ಯಾಸ. ಮೂರು ವರ್ಷದ ಹಿಂದೆ ಹೆಂಗಸರ ವಾರ್ಡಿನ ಕಂಪ್ಯೂಟರ್ ಇಪ್ಪತ್ತು ನಿಮಿಷ ಮುಂದಿತ್ತು. ಸಕ್ಕರೆ ಕಾಯಿಲೆಯ ಲಸ್ಮಿನಿಗೆ ಐದೂ ಐವತ್ತಕ್ಕೆ ಕೊಟ್ಟ ಇನ್ಸುಲಿನ್ ಆರೂ ಹತ್ತಕ್ಕೆ ಎಂದು ದಾಖಲಾಯಿತು. ಹತ್ತು ನಿಮಿಷ ಕಳೆದರೂ ಔಷಧ ವಿಭಾಗದ ಕಂಪ್ಯೂಟರಿನಲ್ಲಿ ಆಗಿನ್ನೂ ಆರು ಗಂಟೆ. ಆರೂ ಹತ್ತರದ್ದು ಇನ್ನು ಕೊಡಬೇಕಾದದ್ದೆಂದು ಅದು ತೋರಿಸಿತು. ಪಾಳಿ ಬದಲಾಗಿ ಬಂದ ಹೊಸ ನರ್ಸ್ ಸಿರಿಂಜ್ ಹಿಡಿದು ನಿಂತೇಬಿಟ್ಟಳು.

"ಈಗ ತಾನೇ ಚುಚ್ಚಿ ಹೋದ್ರಲ್ಲ, ನನ್ನ ತೋಳೇನು ಜರಡಿನಾ?" ಎಂದು ಲಸ್ಮಿನಿ ರೇಗಿದ್ದರಿಂದ ಜೀವ ಉಳಿಯಿತು. ಆಕೆ ಮಂಪರಿನಲ್ಲಿದ್ದಿದ್ದರೆ?

ಸುದ್ದಿ ಕೇಳಿದ ತುಕಿರಾನ್ ನೋಟ್‌ಪುಸ್ತಕ ಹಿಡಿದು ಒಂದೊಂದೇ ಕಂಪ್ಯೂಟರಿನ ಮುಂದೆ ನಿಂತರು. ಆ ಪುಟಗಳನ್ನು ಎರಡು ಸಲ ಎಣಿಸಿದರೂ ನಂಬಲಾಗುವುದಿಲ್ಲ: ಅರವತ್ತನಾಲ್ಕರಲ್ಲಿ ಸರಿಯಿದ್ದವು ಒಂಬತ್ತು. ಅಡುಗೆಮನೆಯದ್ದು ಮೂವತ್ತೇಳು ನಿಮಿಷ ಮುಂದೆ.

ಏಳು ವಾರ ಪುಸ್ತಕ ಓದಿ, ತಪ್ಪಿ, ಮತ್ತೆ ಕೂರಿಸಿ, ಎಲ್ಲವನ್ನೂ ಒಂದೇ ಸಮಯಕ್ಕೆ ತಂದರು. ದಿನಕ್ಕೆ ಎರಡು ಸಲ ಇಂದಿಗೂ ತಾಳೆ ನೋಡುತ್ತಾರೆ.

ಗೇಟಿನಾಚೆ ಲಸ್ಮಿನಿಯದೇ ಪೆಚೆಲ್ ಅಂಗಡಿ. ಸೊಪ್ಪಿನ ಮೇಲೆ ಕಡಲೆಕಾಯಿ ಗೊಜ್ಜು ಸುರಿಯುತ್ತಾ ಆಕೆ ಕೂಗುತ್ತಾಳೆ: "ಇವತ್ತೂ ತಡ! ಊರಿಗೆಲ್ಲ ಟೈಮ್ ಹಂಚೋರು, ತಮಗೆ ಉಳಿಸ್ಕೊಂಡಿಲ್ಲ!"

ಬೆಂಚಿನವರೆಲ್ಲ ನಗುತ್ತಾರೆ. ಪತ್ರಿಕೆಗೆ ಬರೆಯಲು ಬಂದ ನನ್ನನ್ನೂ ಕರೆದು ತುಕಿರಾನ್ ತಟ್ಟೆ ಹಿಡಿದು ದೂರ ಕೂರುತ್ತಾರೆ. ತುತ್ತು ಎತ್ತುವುದಿಲ್ಲ.

"ನರ್ಸ್‌ಗಳು ಕೇಳಿದ್ರು ಅಂತ ಆ ಇಪ್ಪತ್ತು ನಿಮಿಷ ಮುಂದಿಟ್ಟವನು ನಾನೇ. ಬಾಳೆಹಣ್ಣಿನ ಬಜ್ಜಿ ಕೊಟ್ರು, ನಗ್ತಾ ತಿಂದೆ," ಎಂದು ದನಿ ತಗ್ಗಿಸುತ್ತಾರೆ. "ನನ್ನ ಫೋಟೋ ಹಾಕದಿದ್ರೂ ಪರವಾಗಿಲ್ಲ, ಇದನ್ನ ಬರೀರಿ. ಭಾನುವಾರ ಲಸ್ಮಿನಿ ಪೇಪರ್ ಓದ್ತಾಳೆ. ಬಾಯಲ್ಲಿ ಹೇಳೋಕೆ ಮೂರು ವರ್ಷದಿಂದ ನನ್ನ ಕೈಲಾಗಿಲ್ಲ."