ಡೆಲ್ಮರನ ಈ ಸಲದ ಬೇಟೆ

ಅಮೆರಿಕದ ವಯೋಮಿಂಗಿನ ಡೆಲ್ಮರನಿಗೆ ಮ್ಯೂಲ್ ಜಿಂಕೆಯ ಬೇಟೆಗಿಂತ, ಹೋಗಲೋ ಬೇಡವೋ ಎಂದು ಯೋಚಿಸುವುದೇ ದೊಡ್ಡ ಕಸುಬು. ಹಿಮ ಕರಗಿದೊಡನೆ ಬಯಲಲ್ಲಿ ಸತ್ತ ಜಿಂಕೆಗಳ ತೊಡೆಮೂಳೆ ಮುರಿದು ನೋಡುತ್ತಾನೆ. ಮಜ್ಜೆ ಕೆಂಪಗೆ ಲೋಳೆಯಾಗಿದ್ದರೆ ಹಸಿವಿನ ಸಾವು. ಬೇಟೆಯ ಕಾಲ ಬಂತೆಂದರೆ ಬಂದೂಕು ಇಳಿಸುತ್ತಾನೆ, ಎಣ್ಣೆ ಹಾಕಿ ಒರೆಸುತ್ತಾನೆ, ಮತ್ತೆ ಗೋಡೆಗೇರಿಸುತ್ತಾನೆ. "ಒಂದು ಗಂಡು ಜಿಂಕೆ ಹೋದ್ರೆ ಹಿಂಡೇನೂ ಮುಳುಗಲ್ಲ ಕಣೇ." "ಹಾಗಾದ್ರೆ ಹೋಗಿ," ಎನ್ನುತ್ತಾಳೆ ಹೆಂಡತಿ ಅರ್ಲೀನ್. "ಚಳೀಲಿ ಬದುಕಿ ಉಳಿದದ್ದನ್ನ ನಾನು ಹೊಡೀಬೇಕಾ?" "ಹಾಗಾದ್ರೆ ಬಿಡಿ. ಒರೆಸಿ ಒರೆಸೇ ಬಂದೂಕು ಸವೆದುಹೋಗುತ್ತೆ." ಈ ವರ್ಷ ಮಾತ್ರ ಅವನು ಬಂದೂಕನ್ನು ಇಳಿಸಲೇ ಇಲ್ಲ. ಕಳೆದ ಚಳಿಗಾಲದಲ್ಲಿ ಹಿಮ ಎದೆಮಟ್ಟಕ್ಕೆ ಬಿದ್ದಾಗ, ಕೊಟ್ಟಿಗೆಯ ಹಿಂದೆ ಬಂದು ನಿಂತ ಜಿಂಕೆಗಳಿಗೆ ದನದ ಒಣಹುಲ್ಲು ಹಾಕಿದ್ದ. ಪೊದೆಯ ಕಡ್ಡಿಗೆ ಒಗ್ಗಿದ ಹೊಟ್ಟೆಗೆ ಅದು ಅರಗಲಿಲ್ಲ. ಅಲ್ಲೇ ಸತ್ತವುಗಳ ಮಜ್ಜೆ ಕೆಂಪಗಿತ್ತು, ಹೊಟ್ಟೆ ತುಂಬ ಅವನದೇ ಹುಲ್ಲಿತ್ತು. "ಈ ಸಲ ಹೋಗಲ್ವಾ?" ಎಂದು ಅರ್ಲೀನ್ ಕೇಳಿದರೆ, "ನಂದು ಚಳಿಗಾಲದಲ್ಲೇ ಆಯ್ತಲ್ಲ ಕಣೇ," ಎನ್ನುತ್ತಾನೆ.