ಗುರುತಿಲ್ಲದವರ ಕೈಗೆ ಮಗು ಕೊಡಬಾರದು

ನನ್ನ ಓರಗಿತ್ತಿಗೆ ಪುಕ್ಕಲಿ ಎಂದು ಹೆಸರಿಟ್ಟವಳು ನಾನೇ. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಅವಳು ಕುಕ್ಕರ್ ಕೂಗಿದರೆ ಹಿತ್ತಲಿಗೆ ಓಡುತ್ತಿದ್ದಳು. ಫೋನ್ ಬಂದರೆ ಯಾರೋ ಸತ್ತಿದ್ದಾರೆ ಎಂದುಕೊಂಡೇ ಎತ್ತುತ್ತಿದ್ದಳು. ಗಂಡ ಬರುವುದು ಸ್ವಲ್ಪ ತಡವಾದರೆ ಸಾಕು, ಬೀದಿ ಬಾಗಿಲಲ್ಲಿ ನಿಂತು ಯಾವ ಯಾವ ಆಸ್ಪತ್ರೆಗೆ ಹೋಗಿ ವಿಚಾರಿಸಬೇಕು ಎಂದು ಲೆಕ್ಕ ಹಾಕುತ್ತಿದ್ದಳು. ನನ್ನ ಮೈದುನ ಮಹಾರಾಯ ಅಷ್ಟು ಹೊತ್ತೂ ಬೀದಿ ಕೊನೆಯಲ್ಲಿ ಹರಟೆ ಹೊಡೆಯುತ್ತಿರುತ್ತಿದ್ದ. ತನ್ನ ನೆರಳಿಗೇ ಹೆದರುವವಳು ಎನ್ನುತ್ತಾರಲ್ಲ, ಇವಳು ಅದಕ್ಕಿಂತ ಒಂದು ಕೈ ಮೇಲು. ನೆರಳು ಕಾಣದಿದ್ದರೂ ಹೆದರುತ್ತಿದ್ದಳು.

ನಾನು ಕೆಲಸ ಮಾಡುವುದು ವಯಸ್ಸಾದವರು ಇರುವ ಒಂದು ಮನೆಯಲ್ಲಿ. ನೆಲ ಅಂತಸ್ತು ಬಿಟ್ಟು ಮೂರು ಮಹಡಿ. ಎರಡನೆಯ ಮಹಡಿಯ ಬಟ್ಟೆ ಕೋಣೆ ನನ್ನದು. ಹಾಸಿಗೆ ಬಟ್ಟೆ, ದಿಂಬಿನ ಕವರು, ಟವೆಲು, ಎಲ್ಲವೂ ನನ್ನ ಕೈ ದಾಟಿಯೇ ಹೋಗಬೇಕು. ಕೆಳಗಿನ ದೊಡ್ಡ ಹಾಲಿನಲ್ಲಿ ಶಿಶುವಿಹಾರ ಶುರುವಾದಾಗ, ಸುತ್ತಮುತ್ತ ದುಡಿಯುವ ತಂದೆತಾಯಿಯರು ಮಕ್ಕಳನ್ನು ತಂದು ಬಿಡತೊಡಗಿದರು. ಅಜ್ಜ ಅಜ್ಜಿಯರು ಬೆಳಗ್ಗೆ ತಿಂಡಿ ಮುಗಿಸಿ ಇಳಿದು ಬಂದರೆ ಸಂಜೆಯವರೆಗೂ ಅಲ್ಲೇ. ಯಾರು ಯಾರನ್ನು ನೋಡಿಕೊಳ್ಳುತ್ತಿದ್ದಾರೆಂದು ಹೊರಗಿನವರಿಗೆ ತಿಳಿಯುತ್ತಲೇ ಇರಲಿಲ್ಲ. ಅಲ್ಲಿಗೆ ಒಬ್ಬ ಆಯಾ ಬೇಕೆಂದಾಗ ನಾನು ಪುಕ್ಕಲಿಯನ್ನು ಕರೆದುಕೊಂಡು ಹೋದೆ. ಅವಳ ನಡುಗುವ ಕೈ ನೋಡಿ ಮ್ಯಾನೇಜರು ಮೂಗು ಮುರಿದರು.

ಆದರೆ ಆ ಕೆಲಸ ಅವಳಿಗೆ ಹೇಳಿ ಮಾಡಿಸಿದಂತಿತ್ತು. ದ್ರಾಕ್ಷಿಯನ್ನು ಇಡಿಯಾಗಿ ಯಾವ ಮಗುವಿಗೂ ಕೊಡುತ್ತಿರಲಿಲ್ಲ, ನಾಲ್ಕಾಗಿ ಕೊಯ್ಯುವಳು. ಮಕ್ಕಳು ಮಲಗಿದರೆ ಒಂದೊಂದರ ಮೂಗಿನ ಹತ್ತಿರವೂ ಬೆರಳು ಹಿಡಿದು ಉಸಿರು ಬರುತ್ತಿದೆಯೇ ಎಂದು ನೋಡುವಳು. ಅವಳ ಭಯಕ್ಕೆ ಜೀವಮಾನದಲ್ಲಿ ಮೊದಲ ಸಲ ಯಾರೋ ಸಂಬಳ ಕೊಟ್ಟಿದ್ದರು.

ಸಂಜೆ ಬಾಗಿಲಲ್ಲಿ ನಿಂತು ಮಕ್ಕಳನ್ನು ಒಪ್ಪಿಸುತ್ತಿದ್ದವರು ಟೀಚರಮ್ಮ, ಅಲ್ಲೇ ಇರುವ ಅಜ್ಜಿಯರಲ್ಲಿ ಒಬ್ಬರು. ಒಂದನೇ ತರಗತಿಗೆ ಪಾಠ ಹೇಳಿ ಹೇಳಿ ನಿವೃತ್ತರಾದವರು, ಎಂಬತ್ತು ದಾಟಿದ್ದರೂ ಬೆನ್ನು ನೆಟ್ಟಗೆ. ‘ಗುರುತಿಲ್ಲದವರ ಕೈಗೆ ಮಗು ಕೊಡಬಾರದು’ ಎಂಬುದು ಅವರದೇ ಕಾನೂನು. ಒಮ್ಮೆ ಒಂದು ಮಗುವಿನ ಸ್ವಂತ ಚಿಕ್ಕಪ್ಪನನ್ನೇ ಗೇಟಿನ ಹತ್ತಿರ ನಿಲ್ಲಿಸಿ, ತಾಯಿ ಫೋನಿನಲ್ಲಿ ಹೇಳುವವರೆಗೂ ಬಿಟ್ಟಿರಲಿಲ್ಲ. ಅವರು ಬಾಗಿಲಲ್ಲಿದ್ದರೆ ತಾಯಂದಿರಿಗೆ ಸಮಾಧಾನ. ಪುಕ್ಕಲಿಗಂತೂ ಇಡೀ ದಿನದಲ್ಲಿ ಎದೆ ಹಗುರಾಗುತ್ತಿದ್ದುದು ಅದೊಂದು ಹೊತ್ತಿನಲ್ಲೇ.

ಆವತ್ತು ಮಧ್ಯಾಹ್ನ ಗುಬ್ಬಿಗೆ ಮೈ ಬೆಚ್ಚಗಾಯಿತು. ಗುಬ್ಬಿ ಎಂದರೆ ಎರಡು ವರ್ಷದ ಹುಡುಗಿ, ಎಲ್ಲರಿಗಿಂತ ಚಿಕ್ಕವಳು. ಅಂಥಾ ಜ್ವರವೇನಲ್ಲ, ಆದರೂ ಪುಕ್ಕಲಿ ಸುಮ್ಮನಿರುವವಳೇ? ತಾಯಿಗೆ ಫೋನ್ ಮಾಡಿಯೇಬಿಟ್ಟಳು. ಮಗು ಟೀಚರಮ್ಮನ ಹೆಗಲ ಮೇಲೆ ನಿದ್ದೆ ಹೋಗಿತ್ತು. ತಾಯಿ ಬಣ್ಣದ ಕಾರ್ಖಾನೆಯಿಂದ ಇದ್ದ ಬಟ್ಟೆಯಲ್ಲೇ ಓಡಿ ಬಂದಳು. ನೀಲಿ ಅಂಗಿ, ತಲೆಗೆ ಟೋಪಿ, ಕತ್ತಿನಲ್ಲಿ ಜೋತಾಡುವ ಮಾಸ್ಕು. ಬಂದವಳೇ ಮಗುವಿಗೆ ಕೈ ಚಾಚಿದಳು. ಟೀಚರಮ್ಮ ಹಿಂದೆ ಸರಿದರು.

"ಯಾರು ನೀವು?"

"ನಾನೇ ಟೀಚರ್, ಗುಬ್ಬಿ ಅಮ್ಮ."

"ಹಾಗಂತ ಯಾರು ಬೇಕಾದ್ರೂ ಹೇಳ್ಬಹುದು. ನಿಲ್ಲಿ ಅಲ್ಲೇ."

ಜ್ವರವೆಂದು ಕೇಳಿ ಬಂದ ತಾಯಿಗೆ ತಾಳ್ಮೆ ಎಲ್ಲಿಂದ ಬರಬೇಕು? ಮಗುವಿನ ಕಾಲು ಹಿಡಿದು ಎಳೆದಳು. ಟೀಚರಮ್ಮ ಅವಳನ್ನು ನೂಕಿ, ಮಗುವನ್ನು ಅವುಚಿಕೊಂಡು ಪಕ್ಕದ ಲಿಫ್ಟಿಗೆ ನುಗ್ಗಿದರು. ಬಾಗಿಲು ಮುಚ್ಚಿಕೊಂಡಿತು. ಒಳಗೆ ಹಾಲು ಬಿಸಿ ಮಾಡುತ್ತಿದ್ದ ಪುಕ್ಕಲಿ ತಾಯಿಯ ಕಿರುಚಾಟ ಕೇಳಿ ಹೊರಗೆ ಬಂದಾಗ ಲಿಫ್ಟು ಮೇಲೇರುತ್ತಿತ್ತು.

ನಾನು ಎರಡನೆಯ ಮಹಡಿಯ ಕೊನೆಯ ರೂಮಿನಲ್ಲಿ ಹಾಸಿಗೆ ಬದಲಿಸುತ್ತಿದ್ದೆ. ಬಟ್ಟೆ ಕೋಣೆಯ ಬಾಗಿಲು ದಢಾರನೆ ಹಾಕಿದ ಸದ್ದು, ಅದರ ಹಿಂದೆಯೇ ಚಿಲಕ ಬಿದ್ದ ಸದ್ದು ಕೇಳಿತು. ಕೆಲಸದವರು ಬಟ್ಟೆ ಬದಲಿಸಲೆಂದು ಒಳಗಡೆಯಿಂದ ಹಾಕಿಸಿಕೊಂಡ ಚಿಲಕ ಅದು, ಯಾವ ಬೀಗದ ಕೈಗೂ ಬಗ್ಗುವುದಿಲ್ಲ. ಮೆಟ್ಟಿಲು ಹತ್ತಿ ಬಂದ ಪುಕ್ಕಲಿ ತೊದಲುತ್ತ ವಿಷಯ ಹೇಳಿದಳು. ಆ ಕೋಣೆಯಲ್ಲಿ ಏನಿದೆಯೆಂದು ನನಗಿಂತ ಚೆನ್ನಾಗಿ ಬಲ್ಲವರು ಯಾರು? ಅಲ್ಲಿ ಒಂದು ದೊಡ್ಡ ಕಿಟಕಿಯಿದೆ, ಅದಕ್ಕೆ ಕಂಬಿಯಿಲ್ಲ. ಕೊಳೆ ಬಟ್ಟೆಯ ಗಂಟುಗಳನ್ನು ಹಿಂದಿನ ಅಂಗಳದಲ್ಲಿ ನಿಲ್ಲುವ ಲಾಂಡ್ರಿ ಗಾಡಿಗೆ ನಾವು ಅಲ್ಲಿಂದಲೇ ಎಸೆಯುವುದು. ಆ ಹೊತ್ತಿಗೆ ಕಿಟಕಿ ತೆರೆದೇ ಇತ್ತು, ಕೋಣೆಯೊಳಗೆ ಅದರ ಬುಡದಲ್ಲಿ ಗಂಟುಗಳನ್ನು ಮೆಟ್ಟಿಲಿನಂತೆ ಪೇರಿಸಿಟ್ಟಿದ್ದೆವು, ಗಾಡಿ ಇನ್ನೂ ಬಂದಿರಲಿಲ್ಲ. ಅಂಗಳಕ್ಕೆ ಹಾಸಿದ್ದು ಬರೀ ಕಲ್ಲು.

ಅಷ್ಟರಲ್ಲಿ ತಾಯಿಯೂ ಮ್ಯಾನೇಜರೂ ಬಂದರು. ಮ್ಯಾನೇಜರು ಬಾಗಿಲು ಬಡಿದರು.

"ಟೀಚರಮ್ಮಾ, ಬಾಗಿಲು ತೆಗೀರಿ! ಇದೇನು ಹುಡುಗಾಟ?"

"ತೆಗೆಯಲ್ಲ! ಮಗು ಕದಿಯೋಕೆ ಬಂದಿದೀರಾ? ಇಲ್ಲಿ ಕಿಟಕಿ ಇದೆ. ಇಳಿದು ಹೋಗ್ತೀವಿ ನಾವು."

ತಾಯಿ ಬಾಗಿಲನ್ನು ಒದೆಯತೊಡಗಿದಳು. ಕಿಟಕಿಯ ಕೆಳಗೆ ಹಾಸಿಗೆಗಳನ್ನು ಹಾಕಲು ಮ್ಯಾನೇಜರು ಆಳುಗಳನ್ನು ಓಡಿಸಿದರು, ಆಮೇಲೆ ತಾವೇ ಬಾಗಿಲಿಗೆ ಹೆಗಲು ಕೊಟ್ಟರು. ಒಳಗೆ ಮಗು ಎಚ್ಚರವಾಗಿ ಅಳುತ್ತಿದೆಯೇ, ಇಲ್ಲವೇ? ಅದರ ಸದ್ದೇ ಕೇಳಿಸುತ್ತಿರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸುತ್ತಿತ್ತು. ಪುಕ್ಕಲಿ ಗೋಡೆಗೆ ಆತುಕೊಂಡು ನಿಂತಿದ್ದಳು, ಹಲ್ಲು ಕಟಕಟ ಎನ್ನುತ್ತಿತ್ತು. ಈ ಸಂಭ್ರಮಕ್ಕೆ ಇವಳೂ ಬಿದ್ದರೆ ಯಾರು ಎತ್ತುವುದೆಂದು ನನಗೆ ಸಿಟ್ಟೂ ಬಂತು.

"ಲೇ, ಕೆಳಗೆ ಹೋಗಿ ಕೂತ್ಕೋ ಹೋಗು," ಎಂದು ಗದರಿದೆ.

ಅವಳು ನನ್ನ ತೋಳು ಹಿಡಿದಳು. "ಅಕ್ಕಾ, ಕೇಳಿಸ್ತಾ? ಇವ್ರು ಬಡಿದಷ್ಟೂ ಅವರ ದನಿ ದೂರ ಹೋಗ್ತಿದೆ."

ನಾನು ಕಿವಿಗೊಟ್ಟೆ. ನಿಜ. ಮೊದಲು ಬಾಗಿಲ ಹಿಂದೆಯೇ ಇದ್ದ ದನಿ ಈಗ ಬಯಲಿನಿಂದ ಬಂದಂತೆ ಕೇಳುತ್ತಿತ್ತು. "ಗಟ್ಟಿಯಾಗಿ ಹಿಡ್ಕೋ ಪುಟ್ಟಾ, ಕೆಳಗೆ ನೋಡ್ಬೇಡ," ಎನ್ನುತ್ತಿದ್ದರು ಟೀಚರಮ್ಮ.

ಪುಕ್ಕಲಿ ಹೋಗಿ ಮ್ಯಾನೇಜರ ಅಂಗಿ ಹಿಡಿದು ಎಳೆದಳು. ಅವರೆದುರು ತಲೆಯೆತ್ತಿ ಮಾತಾಡಿದವಳಲ್ಲ.

"ನಿಲ್ಸಿ ಸಾರ್. ಎಲ್ರೂ ಮೆಟ್ಟಿಲ ಹತ್ರ ಹೋಗಿ. ಅಕ್ಕಾ, ಈ ಅಮ್ಮನ್ನ ಹಿಡ್ಕೋ. ಬಾಯಿ ಬಿಡಬಾರದು ಯಾರೂ."

ಅವಳ ಮುಖ ನೋಡಿ ಮ್ಯಾನೇಜರು ಮೆಟ್ಟಿಲ ಕಡೆ ಸರಿದರು. ನಾನು ತಾಯಿಯನ್ನು ತಬ್ಬಿಕೊಂಡು ಹಿಂದಕ್ಕೆ ಎಳೆದು ಅವಳ ಬಾಯಿಗೆ ಕೈ ಅಡ್ಡ ಹಿಡಿದೆ. ಬಾಗಿಲ ಮುಂದೆ ಪುಕ್ಕಲಿ ಒಬ್ಬಳೇ ಉಳಿದಳು. ಮಂಡಿಯೂರಿ ಕೂತು ಬಾಗಿಲ ಸಂದಿಗೆ ಬಾಯಿಟ್ಟಳು. ಮಗು ಕೊಡಿ ಎನ್ನುತ್ತಾಳೆ, ಕೈ ಮುಗಿಯುತ್ತಾಳೆ ಎಂದು ನಾನು ಎಣಿಸಿದ್ದೆ.

"ಟೀಚರ್, ನಂಗೆ ಭಯ ಆಗ್ತಿದೆ," ಎಂದಳು.

ಒಳಗಿನ ದನಿ ಬಾಗಿಲ ಕಡೆ ತಿರುಗಿತು.

"ಯಾರದು?"

"ನಾನೊಬ್ಳೇ ಇದೀನಿ ಟೀಚರ್. ಇಲ್ಲಿ ಯಾರ್ಯಾರೋ ಬಂದು ಬಾಗಿಲು ಒದೀತಿದ್ರು. ನನ್ನನ್ನೂ ಒಳಗೆ ಸೇರಿಸ್ಕೊಳ್ಳಿ."

"ಹೋದ್ರಾ ಅವ್ರು?"

"ಮೆಟ್ಟಿಲ ಹತ್ರ ನಿಂತಿದಾರೆ. ಮತ್ತೆ ಬಂದ್ಬಿಡ್ತಾರೆ. ಬೇಗ ತೆಗೀರಿ ಟೀಚರ್, ಕೈಕಾಲು ನಡುಗ್ತಿದೆ ನಂಗೆ."

ಹೇಳುತ್ತಾ ಹೇಳುತ್ತಾ ಅಳು ಬಂದುಬಿಟ್ಟಿತು. ಅದು ನಾಟಕವಾಗಿರಲಿಲ್ಲ. ಆ ಮನೆಯಲ್ಲಿ ಆ ಮಾತನ್ನು ಅಷ್ಟು ನಿಜವಾಗಿ ಹೇಳಬಲ್ಲವರು ಬೇರೆ ಯಾರೂ ಇರಲಿಲ್ಲ. ಒಳಗೆ ಏನೋ ಧೊಪ್ಪೆಂದು ಬಿತ್ತು. ತಾಯಿ ನನ್ನ ಅಂಗೈಯನ್ನು ಕಚ್ಚಿದಳು, ಆದರೂ ನಾನು ಬಿಡಲಿಲ್ಲ. ಬಿದ್ದದ್ದು ಬಟ್ಟೆಯ ಗಂಟೋ ಮಗುವೋ ಎಂದು ಯೋಚಿಸಲೂ ನನಗೆ ಧೈರ್ಯವಿರಲಿಲ್ಲ. ಆಮೇಲೆ ಕಾಲೆಳೆದುಕೊಂಡು ಬರುವ ಸದ್ದು. ಚಿಲಕ ಸರಿಯಿತು, ಒಂದು ಕೈ ಹೊರಬಂದು ಪುಕ್ಕಲಿಯ ತೋಳು ಹಿಡಿದು ಒಳಗೆಳೆದುಕೊಂಡಿತು. ಮತ್ತೆ ಚಿಲಕ ಬಿತ್ತು.

ಒಳಗೆ ನಡೆದದ್ದನ್ನು ಅವಳು ಆಮೇಲೆ ಹೇಳಿದಳು. ಟೀಚರಮ್ಮ ಮಗುವನ್ನು ಹಾಸಿಗೆ ಬಟ್ಟೆಯಿಂದ ಬೆನ್ನಿಗೆ ಕಟ್ಟಿಕೊಂಡಿದ್ದರಂತೆ. ಇನ್ನೊಂದು ಬಟ್ಟೆಯ ತುದಿಯನ್ನು ಮೇಜಿನ ಕಾಲಿಗೆ ಬಿಗಿದು ಕಿಟಕಿಯಿಂದ ಹೊರಗೆ ಇಳಿಬಿಟ್ಟಿದ್ದರಂತೆ. ಬಿದ್ದದ್ದು ಅವರು ಹತ್ತಿ ನಿಂತಿದ್ದ ಗಂಟು. ಪುಕ್ಕಲಿ ಮೊದಲು ಕಿಟಕಿ ಮುಚ್ಚಿದಳು. ಅವರು "ಒಳ್ಳೇ ಕೆಲಸ ಮಾಡ್ದೆ" ಎಂದರು. ಅಳುತ್ತಿದ್ದ ಇವಳ ತಲೆ ಸವರಿ, "ಹೆದರ್ಬೇಡ, ನಾನಿದೀನಲ್ಲ," ಎಂದರಂತೆ. ಅವರಿಗೆ ಇವಳು ಯಾರೆಂದೇ ಗೊತ್ತಿರಲಿಲ್ಲ. ದಿನಾ ಪಕ್ಕದಲ್ಲೇ ನಿಲ್ಲುತ್ತಿದ್ದ ಇವಳು!

ಬಟ್ಟೆಯ ಗಂಟು ಬಿಚ್ಚುವಾಗ ಗುಬ್ಬಿ ಎಚ್ಚರಾಗಿ "ಅಮ್ಮ" ಎಂದು ರಾಗ ತೆಗೆಯಿತು. ಟೀಚರಮ್ಮ ಬಗ್ಗಿ, "ಅಮ್ಮನ್ನ ನೋಡಿದ್ರೆ ಹೇಳ್ತೀಯಾ ಪುಟ್ಟಾ? ತೋರಿಸ್ತೀಯಾ ನಂಗೆ?" ಎಂದು ಕೇಳಿದರು. ಆಗ ಪುಕ್ಕಲಿಗೆ ಎಲ್ಲವೂ ತಿಳಿಯಿತು. ಎಷ್ಟು ದಿನದಿಂದಲೋ ಅವರಿಗೆ ಯಾವ ತಾಯಿಯ ಗುರುತೂ ಸಿಗುತ್ತಿರಲಿಲ್ಲ. ಅವರು ನೋಡುತ್ತಿದ್ದುದು ಮಗುವಿನ ಮುಖವನ್ನು. ಮಗು ಬಂದವರತ್ತ ಓಡಿದರೆ ಕೈ ಬಿಡುತ್ತಿದ್ದರು. ಈವತ್ತು ಮಗು ನಿದ್ದೆಯಲ್ಲಿತ್ತು.

ಬಾಗಿಲು ಒಂದು ಗೇಣು ತೆರೆಯಿತು, ಅಮ್ಮನೊಬ್ಬಳೇ ಬರಲಿ ಎಂದು ಪುಕ್ಕಲಿ ಒಳಗಿನಿಂದ ಕರೆದಳು. ನಾನು ತಾಯಿಯ ಟೋಪಿ ಕಿತ್ತು ಮುಂದೆ ಬಿಟ್ಟೆ. ಗುಬ್ಬಿ ಎರಡೂ ಕೈ ಚಾಚಿ ಜಿಗಿಯಿತು. ಟೀಚರಮ್ಮ ತಕ್ಷಣ ಬಿಟ್ಟುಕೊಟ್ಟರು.

"ನಿಮ್ದೇ ಮಗು. ಮೈ ಬಿಸಿ ಇದೆ, ನೋಡ್ಕೊಳ್ಳಿ," ಎಂದರು, ಎಲ್ಲ ಸಂಜೆಗಳಲ್ಲಿ ಹೇಳುವ ಹಾಗೆಯೇ.

ತಾಯಿ ಮಗುವಿನ ಕೈ, ಕಾಲು, ತಲೆ ಮುಟ್ಟಿ ಮುಟ್ಟಿ ನೋಡುತ್ತ ಕಾರಿಡಾರಿನಲ್ಲೇ ಕುಸಿದಳು. ಹೋಗುವಾಗ ಮ್ಯಾನೇಜರಿಗೆ ಒಂದೇ ಮಾತು ಹೇಳಿದಳು, ನಾಳೆಯಿಂದ ಕಳಿಸುವುದಿಲ್ಲವೆಂದು. ಅವಳದೇನು ತಪ್ಪು? ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ. ಮಿಕ್ಕ ಮಕ್ಕಳ ತಾಯಂದಿರಿಗೂ ವಿಷಯ ಮುಟ್ಟಿ ಒಬ್ಬೊಬ್ಬರೇ ಬೇಗ ಬಂದರು. ಟೀಚರಮ್ಮ ಇನ್ನು ಕೆಳಗೆ ಇಳಿಯಕೂಡದು, ಮೂರನೆಯ ಮಹಡಿಯಲ್ಲಿ, ನರ್ಸು ಸದಾ ಕಾಯುವ ರೂಮಿಗೆ ಸೇರಿಸಬೇಕು ಎಂದು ಸಂಜೆಯೊಳಗೆ ತೀರ್ಮಾನವಾಯಿತು, ರೂಮು ಬದಲಿಸಿಯೂ ಆಯಿತು. ಇನ್ನು ಮಕ್ಕಳ ಹತ್ತಿರ ಬರಬೇಡಿ ಎಂದು ಅವರಿಗೆ ಹೇಳುವವರು ಯಾರು ಎಂದಾಗ ಪುಕ್ಕಲಿ ಎದ್ದಳು. ಅವಳು ದಾರಿಯಲ್ಲಿ ಬಿದ್ದಾಳೆಂದು ನಾನೂ ಹಿಂದೆ ಹೋದೆ.

ಹೊಸ ರೂಮಿನ ಮಂಚದ ಮೇಲೆ ಟೀಚರಮ್ಮ ಗೋಡೆಗೆ ಒತ್ತಿಕೊಂಡು ಕೂತಿದ್ದರು. ಆ ನೆಟ್ಟಗಿನ ಬೆನ್ನು ಬಾಗಿಹೋಗಿತ್ತು. ಆದದ್ದೇನೂ ನೆನಪಿರಲಿಲ್ಲ, ಏನೋ ಆಯಿತೆಂಬುದು ಮಾತ್ರ ಮೈಯಲ್ಲಿ ಉಳಿದಿತ್ತು.

"ಮಗುಗೆ ಏನಾದ್ರೂ ಮಾಡ್ಬಿಟ್ನಾ ನಾನು?"

"ಏನೂ ಆಗಿಲ್ಲ ಟೀಚರ್. ಅಮ್ಮನ ಹತ್ರ ಇದೆ."

"ಅಮ್ಮನೇ ತಾನೆ? ನೋಡಿದ್ಯಾ ನೀನು?"

"ನೋಡ್ದೆ. ಅಮ್ಮನೇ."

ಅವರು ಸ್ವಲ್ಪ ಹೊತ್ತು ಇವಳ ಮುಖವನ್ನೇ ದಿಟ್ಟಿಸಿದರು. ಹೆಸರಿಗಾಗಿ ಹುಡುಕುತ್ತಿದ್ದಾರೆಂದು ಬಾಗಿಲಲ್ಲಿದ್ದ ನನಗೂ ಕಾಣುತ್ತಿತ್ತು. ಸಿಗಲಿಲ್ಲ. ಆಮೇಲೆ ಇವಳ ಕೈ ಹಿಡಿದುಕೊಂಡು ದನಿ ತಗ್ಗಿಸಿದರು.

"ಇನ್ಮೇಲೆ ನನ್ನ ಕೈಗೆ ಮಕ್ಕಳನ್ನ ಕೊಡ್ಬೇಡಿ. ನಂಗೆ ಯಾರೂ ಗೊತ್ತಾಗ್ತಿಲ್ಲಮ್ಮ. ಎಲ್ಲ ಮುಖಾನೂ ಹೊಸದು. ತುಂಬಾ ಹೆದರಿಕೆ ಆಗುತ್ತೆ."

ಹೆದರಬೇಡಿ, ಏನೂ ಆಗುವುದಿಲ್ಲ ಎಂದು ನಾನಾಗಿದ್ದರೆ ಹೇಳಿಬಿಡುತ್ತಿದ್ದೆ. ಇಷ್ಟು ವರ್ಷ ಪುಕ್ಕಲಿಗೂ ಅದನ್ನೇ ಹೇಳಿಕೊಂಡು ಬಂದವಳು ನಾನು, ಅದರಿಂದ ಅವಳಿಗೆ ಒಂದು ದಿನವೂ ಉಪಯೋಗವಾದದ್ದು ಕಾಣೆ. ಅವಳು ಆ ಮಾತು ಹೇಳಲಿಲ್ಲ.

"ನಂಗೂ ಆಗುತ್ತೆ ಟೀಚರ್," ಎಂದಳು. "ಸ್ವಲ್ಪ ಆ ಕಡೆ ಸರ್ಕೊಳ್ಳಿ."

ಅವರು ಸರಿದರು. ಇವಳು ಚಪ್ಪಲಿ ಬಿಟ್ಟು ಮಂಚ ಹತ್ತಿ ಪಕ್ಕದಲ್ಲಿ ಕೂತಳು. ಕೈ ಕೈಯಲ್ಲೇ ಇತ್ತು, ಎರಡೂ ನಡುಗುತ್ತಿದ್ದವು. ಮನೆಗೆ ಹೋಗುವ ಹೊತ್ತಾಗಿತ್ತು, ಆದರೂ ನಾನು ಅವಳನ್ನು ಕರೆಯಲಿಲ್ಲ.