ಉಡಿ ತುಂಬಿಸಿಕೊಂಡ ಕಂಪನಿ

ನಾನು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ನನ್ನ ಹತ್ತಿರ ಒಂದೇ ಒಂದು ಒಳ್ಳೆಯ ಪಾಠವಿದೆ; ಉಳಿದವು ಪರೀಕ್ಷೆಯ ಸಲುವಾಗಿ ಇರುವಂಥವು. ಆ ಪಾಠದಲ್ಲಿ ಪರ್ಷಿಯಾದ ಬೋಳು ಗುಡ್ಡಗಳ ನಡುವೆ ಒಂದು ಡೇರೆ. ಒಂದು ಕಡೆ ಎಣ್ಣೆ ಕಂಪನಿಯ ಬಿಳಿ ಸಾಹೇಬರು, ಎದುರಿಗೆ ಗುಡ್ಡಗಾಡಿನ ಬುಡಕಟ್ಟುಗಳ ಮುಖಂಡರು, ನಡುವೆ ಚಹಾ. ರಾಜಧಾನಿಯ ದೊರೆ ಮೊಹರು ಒತ್ತಿ ಕೊಟ್ಟ ಪರವಾನಗಿ ಸಾಹೇಬರ ಕಿಸೆಯಲ್ಲೇ ಇದೆ. ಆದರೆ ಆ ಗುಡ್ಡದಲ್ಲಿ ದೊರೆಯ ಮಾತು ಯಾರು ಕೇಳಬೇಕು? ಬಾವಿ ಕೊರೆಯಬೇಕಾದರೂ, ಪೈಪು ಎಳೆಯಬೇಕಾದರೂ, ಎಳೆದದ್ದನ್ನು ಯಾರೂ ಕಿತ್ತುಕೊಂಡು ಹೋಗದಂತೆ ಕಾಯಬೇಕಾದರೂ ಈ ಮುಖಂಡರೇ ಬೇಕು. ಅದಕ್ಕೇ ಚಹಾ, ಅದಕ್ಕೇ ಕಾಣಿಕೆ, ಅದಕ್ಕೇ ಪಾಲಿನ ಮಾತು. ಇಲ್ಲಿಗೆ ಬಂದಾಗ ನಾನು ದನಿ ಇಳಿಸಿ, “ಕಾಣಿಕೆ ಮುಟ್ಟಿದ ಗಳಿಗೆಗೇ ಅವರ ನೆಲ ಹೋಯಿತು” ಅನ್ನುತ್ತೇನೆ. ಹಿಂದಿನ ಬೆಂಚಿನವರೂ ಮೊಬೈಲಿನಿಂದ ತಲೆ ಎತ್ತುತ್ತಾರೆ. ವರ್ಷಕ್ಕೊಮ್ಮೆ ಸಿಗುವ ಸುಖ ಅದು.

ಸುಖವನ್ನು ತರಗತಿಯಲ್ಲೇ ಬಿಟ್ಟು ಬರಬೇಕಿತ್ತು. ಮದುವೆ ಊಟದ ಪಂಕ್ತಿಯಲ್ಲಿ, ಕಟಿಂಗ್ ಅಂಗಡಿಯಲ್ಲಿ, ಬಸ್‌ಸ್ಟಾಪಿನಲ್ಲಿ ಎಲ್ಲ ಕಡೆ ಹೇಳಿಕೊಂಡು ತಿರುಗಿದೆ. ಅದರ ಫಲ, ಉಣಕಲ್ಲಿನ ನಮ್ಮ ಓಣಿಗೆ ಅಡಿಗೆ ಗ್ಯಾಸಿನ ಪೈಪು ಹಾಕುವ ಕಂಪನಿ ಬಂದಾಗ ಸಿಕ್ಕಿತು.

ಓಣಿಯ ಒಂದು ಬದಿಗೆ ನನ್ನ ಮನೆ, ಎದುರು ಬದಿಗೆ ನನ್ನ ದೊಡ್ಡವ್ವನ ಮನೆ. ದೊಡ್ಡವ್ವ ಎಂದರೆ ನಮ್ಮಪ್ಪನ ಅಣ್ಣನ ಹೆಂಡತಿ. ಓಣಿಗೆ ಮುಖಂಡರು ಅಂತ ಯಾರಾದರೂ ಇದ್ದರೆ ಆಕೆಯೇ. ಆಕೆಯ ಬಾಗಿಲ ಮುಂದೆ ನೆಲದೊಳಗೆ ಒಂದು ಹಗೇವು ಇದೆ. ಹಿಂದೆಲ್ಲ ಸುಗ್ಗಿಯಾದ ಮೇಲೆ ಜೋಳ ಸುರಿದು, ಮೇಲೆ ಕಲ್ಲು ಮುಚ್ಚಿ, ಮಣ್ಣು ಮೆತ್ತಿ ಇಡುತ್ತಿದ್ದ ಕಣಜ ಅದು. ಎಷ್ಟೋ ವರ್ಷಗಳಿಂದ ಅದರೊಳಗೆ ಕತ್ತಲೆ ಬಿಟ್ಟರೆ ಏನೂ ಇಲ್ಲ. ಆದರೂ ದೊಡ್ಡವ್ವ ಹಬ್ಬಕ್ಕೊಮ್ಮೆ ಆ ಕಲ್ಲಿಗೆ ಅರಿಶಿಣ ಕುಂಕುಮ ಹಚ್ಚುತ್ತಾಳೆ, ಸಂಜೆ ಅದರ ಮೇಲೇ ಕೂತು ಓಣಿಯ ನ್ಯಾಯ ತೀರಿಸುತ್ತಾಳೆ. ಪರ್ಷಿಯಾದವರ ನೆಲದೊಳಗೆ ಎಣ್ಣೆ ಇತ್ತು, ನಮ್ಮ ನೆಲದೊಳಗೆ ಖಾಲಿ ಹಗೇವು ಇತ್ತು. ಮಾನ ಮಾತ್ರ ಎರಡಕ್ಕೂ ಒಂದೇ.

ಒಂದು ಬೆಳಿಗ್ಗೆ ಕಂಪನಿಯವರು ಬಂದು ರಸ್ತೆಯ ಮೇಲೆ ಹಳದಿ ಬಣ್ಣದ ಗೆರೆ ಎಳೆದು ಹೋದರು. ಗೆರೆ ನೇರವಾಗಿ ಹಗೇವಿನ ಕಲ್ಲಿನ ಮೇಲೆ ಹಾದಿತ್ತು. ಹಗೇವಿನೊಳಗೆ ಉಸುಕು ತುಂಬಿ, ಗಟ್ಟಿ ಮಾಡಿ, ಮೇಲೆ ಪೈಪು ಹಾಕುತ್ತಾರಂತೆ. ಪಾಲಿಕೆಯ ಪರವಾನಗಿ ಅವರ ಹತ್ತಿರ ಇತ್ತು. ಆದರೆ ಅಗೆಯುವವರು ಬಂದಾಗ ಕಲ್ಲಿನ ಮೇಲೆ ದೊಡ್ಡವ್ವ ಇದ್ದಳು, ಕೈಯಲ್ಲಿ ಮೆಂತ್ಯೆ ಸೊಪ್ಪಿನ ಕಟ್ಟು.

“ಇದನ್ನ ಸೋಸೂತನಾ ಏಳಂಗಿಲ್ಲ,” ಎಂದಳು. ಸಂಜೆತನಕ ಒಂದೇ ಕಟ್ಟು ಸೋಸಿದಳು. ಅವರು ಗುದ್ದಲಿ ಹೊತ್ತುಕೊಂಡು ತಿರುಗಿ ಹೋದರು. ದೊಡ್ಡ ಅಧಿಕಾರಿ ಬಂದು ಮಾತಾಡುತ್ತಾರೆ ಎಂದು ಸುದ್ದಿ ಬಂತು.

ದೊಡ್ಡವ್ವ ನನ್ನನ್ನು ಕರೆಸಿದಳು. “ಆ ಎಣ್ಣಿ ಕಂಪನಿ ಕತಿ ಹೇಳಿ ಹೇಳಿ ನಮ್ಮ ತಲಿ ತಿಂದಿ. ಈಗ ಖರೇನ ಕಂಪನಿ ಬಂದೈತಿ. ಕುಂತು ಮಾತಾಡು. ಹಗೇವು ಹೋತಂದ್ರ ನಿನ್ನ ಪಾಠಾನೂ ಅದರಾಗ ಹಾಕಿ ಮುಚ್ಚತೇನಿ.”

ನಾನು ಚಿಂತೆಯ ಮನುಷ್ಯ. ಮನೆಯ ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ನವನಗರದ ತನಕ ಹೋದವನು ತಿರುಗಿ ಬಂದು ನೋಡುತ್ತೇನೆ. ಇಂಥವನ ಮೇಲೆ ಓಣಿಯ ಮಾನ. ರಾತ್ರಿಯೆಲ್ಲ ಯೋಚಿಸಿ ಇತಿಹಾಸದಿಂದ ಒಂದೇ ಬುದ್ಧಿ ಹೆಕ್ಕಿಕೊಂಡೆ, ಬೆಳಿಗ್ಗೆ ಮನೆ ಮನೆಗೆ ಹೋಗಿ ಸಾರಿದೆ: “ಅವರಿಂದ ಏನೂ ತಗೋಬ್ಯಾಡ್ರಿ. ಪೇಡಾ ಬ್ಯಾಡ, ಕ್ಯಾಲೆಂಡರ್ ಬ್ಯಾಡ, ಒಂದು ಪೆನ್ನೂ ಬ್ಯಾಡ.”

“ಪೆನ್ನು ತಗೊಂಡ್ರ ಏನಾಕ್ಕತೋ?” ಎಂದಳು ದೊಡ್ಡವ್ವ.

“ಪರ್ಷಿಯಾದಾಗ ಹಿಂಗ ಆತು, ದೊಡ್ಡವ್ವಾ.”

“ಅವರಿಗೆ ಪೆನ್ನು ಕೊಟ್ಟಿದ್ರೇನು?”

ಮನೆಗೆ ಹೋಗಿ ಪುಸ್ತಕ ತಿರುವಿದೆ, ಪೆನ್ನಿನ ಸುದ್ದಿ ಎಲ್ಲೂ ಇರಲಿಲ್ಲ. ಇತಿಹಾಸದ ಪ್ರಾಧ್ಯಾಪಕನಿಗೆ ಇದಕ್ಕಿಂತ ಅವಮಾನ ಬೇರೆ ಇಲ್ಲ.

ಬಂದ ಅಧಿಕಾರಿ ಮೂವತ್ತರ ಆಸುಪಾಸಿನ ಹೆಣ್ಣುಮಗಳು. ಚೂಡಿದಾರದ ಮೇಲೆ ಮಿಂಚುವ ಪಟ್ಟಿಗಳ ಕೇಸರಿ ಜಾಕೀಟು, ಬಗಲಲ್ಲಿ ಹೆಲ್ಮೆಟ್ಟು, ಕೈಯಲ್ಲಿ ಪೇಡಾದ ಪೆಟ್ಟಿಗೆ. ಸಾಹೇಬರ ಬಿಳಿ ಮೀಸೆಗೆ ತಯಾರಾಗಿದ್ದ ನನ್ನ ಅರ್ಧ ಧೈರ್ಯ ಅಲ್ಲೇ ಕುಸಿಯಿತು. ಪಡಸಾಲೆಯಲ್ಲಿ ಕೂಡಿಸಿದೆವು. ದೊಡ್ಡಪ್ಪ ಮೂಲೆಯಲ್ಲಿ ಕಿವಿಯ ಯಂತ್ರ ತೆಗೆದು ಕಿಸೆಯಲ್ಲಿಟ್ಟುಕೊಂಡು ಸುಖವಾಗಿದ್ದ. ನಾನು ಪೇಡಾದ ಪೆಟ್ಟಿಗೆಯನ್ನು ಎರಡು ಕೈಯಿಂದ ಹಿಂದಕ್ಕೆ ಸರಿಸಿ, “ಕ್ಷಮಿಸ್ರಿ, ನಾವು ಏನೂ ಸ್ವೀಕರಿಸೂದಿಲ್ಲ,” ಎಂದೆ.

“ನಾನೇನ್ ವಿಷಾ ಹಾಕೀನೇನ್ರಿ ಸರ್?” ಎಂದಳು ಆಕೆ. ನಕ್ಕಳು. ದೊಡ್ಡವ್ವನೂ ನಕ್ಕಳು. ಮಾತುಕತೆಯಲ್ಲಿ ನನ್ನ ಪಕ್ಷ ಸೋತದ್ದು ಆಗಲೇ ಇರಬೇಕು. ನಾನು ಮಾತ್ರ ಪರ್ಷಿಯಾದಿಂದ ಶುರು ಮಾಡಿದೆ. ಗುಡ್ಡ, ಡೇರೆ, ಪರವಾನಗಿ, ಮುಖಂಡರ ಮೋಸಹೋದ ಮುಖ. ಆಕೆ ಕೇಳುತ್ತಾ ಕೇಳುತ್ತಾ ಆಕಳಿಕೆಯನ್ನು ಹೆಲ್ಮೆಟ್ಟಿನ ಹಿಂದೆ ಮುಚ್ಚಿಟ್ಟಳು. ದೊಡ್ಡವ್ವ ನಡುವೆಯೇ ಬಾಯಿ ಹಾಕಿದಳು.

“ಇರ್ಲಿ ಬಿಡೋ. ನಿನ್ನ ತವರಮನಿ ಎಲ್ಲೈತವಾ?”

“ಬೀದರ್ ಕಡೆ ರೀ, ಅವ್ವಾರ. ಭಾಳ ದೂರ. ಕೆಲಸ ಬಿಟ್ಟು ಹೋಗೂದ ಆಗಂಗಿಲ್ಲ. ಹಬ್ಬಕ್ಕೂ ಹೋಗಿಲ್ಲ ಈ ಸಲ.”

ದೊಡ್ಡವ್ವ ಎದ್ದು ಒಳಗೆ ಹೋದಳು. ಬರುವಾಗ ಉಡಿ ತುಂಬುವ ತಯಾರಿ: ಅಕ್ಕಿ, ಕೊಬ್ಬರಿ ಬಟ್ಟಲು, ಅರಿಶಿಣ ಬೇರು, ಉತ್ತತ್ತಿ, ಅಡಿಕೆ, ಕುಬಸಕ್ಕೆ ಒಂದು ಖಣ. ಮೊದಲ ಸಲ ಮನೆಗೆ ಬಂದ ಮುತ್ತೈದೆ, ಬರಿಗೈಲೆ ಕಳಿಸಲು ಬರುವುದಿಲ್ಲವಂತೆ. ತಟ್ಟೆಯನ್ನು ನನ್ನ ಕೈಗೆ ಕೊಟ್ಟು, “ಹಿಡಿ,” ಎಂದಳು. ಹಿಡಿದೆ. ಚೂಡಿದಾರ ತೊಟ್ಟ ಅಧಿಕಾರಿಗೆ ಸೀರೆಯ ಸೆರಗು ಇಲ್ಲ. ಒಂದು ಕ್ಷಣ ತಡವರಿಸಿ, ಆ ಕೇಸರಿ ಜಾಕೀಟಿನ ಎರಡೂ ತುದಿ ಹಿಡಿದು ಉಡಿ ಒಡ್ಡಿದಳು. ಮಿಂಚುವ ಪಟ್ಟಿಗಳ ನಡುವೆ ಅಕ್ಕಿ ಬಿತ್ತು.

“ಇನ್ನ ಇದ ನಿನ್ನ ತವರಮನಿ ಅಂತ ತಿಳಕೋ,” ಎಂದಳು ದೊಡ್ಡವ್ವ. ಅಧಿಕಾರಿಯ ಕಣ್ಣು ತುಂಬಿ ಬಂತು. ಹಗೇವಿನ ಮಾತೇ ಎತ್ತದೆ ಜಾಕೀಟು ಬಿಗಿಯಾಗಿ ಹಿಡಿದುಕೊಂಡು ಜೀಪು ಹತ್ತಿದಳು.

ನನಗೆ ತಡವಾಗಿ ಹೊಳೆಯಿತು. ಹೊಳೆದಾಗ ಕುಣಿಯುವುದೊಂದು ಬಾಕಿ. ತವರಮನೆಯ ಅಂಗಳ ಯಾವ ಮಗಳು ಅಗೆಸುತ್ತಾಳೆ? ಕಾಣಿಕೆ ತೆಗೆದುಕೊಳ್ಳಬಾರದು ಎಂದು ನಾನು ಅಷ್ಟು ಕಲಿತಿದ್ದೆ, ಕಾಣಿಕೆ ಕೊಟ್ಟೇ ಕಂಪನಿಯನ್ನು ಕಟ್ಟಿಹಾಕಬಹುದು ಎಂದು ಕಲಿತಿರಲಿಲ್ಲ. ಡೇರೆಯನ್ನೇ ತಿರುವಿ ಹಾಕಿದ ಹಾಗಾಯಿತು. ಕಾಲೇಜಿನಲ್ಲಿ ಸಹೋದ್ಯೋಗಿಗಳಿಗೆಲ್ಲ ಚಹಾ ಕುಡಿಸಿ ಹೇಳಿದೆ. ಹೇಳುವಾಗ ತಟ್ಟೆ ಹಿಡಿದ ಭಾಗವನ್ನು ಸ್ವಲ್ಪ ದೊಡ್ಡದು ಮಾಡಿದೆ.

ಮುಂದಿನ ವಾರ ಮಗಳು ತವರಿಗೆ ಬಂದಳು. ಜೀಪಿಲ್ಲ, ಹೆಲ್ಮೆಟ್ಟಿಲ್ಲ, ಸೀರೆ ಉಟ್ಟು ಆಟೋದಲ್ಲಿ. ಮೈಮೇಲೆ ಅದೇ ಖಣದ ಕುಬಸ. ನೇರ ಅಡಿಗೆ ಮನೆಗೆ ಹೋಗಿ ಒಲೆಯ ಮುಂದೆ ಕೂತು ಬಿಸಿ ರೊಟ್ಟಿ, ಝುಣಕ ಉಂಡಳು. ದೊಡ್ಡವ್ವ ನನ್ನನ್ನೂ ಕರೆದಿದ್ದಳು. ನಾನು ಗೆದ್ದವನ ಗತ್ತಿನಲ್ಲಿ ಎರಡನೆಯ ರೊಟ್ಟಿಗೆ ಕೈ ಹಾಕಿದ್ದೆ.

“ಅವ್ವಾ, ನಿನ್ನ ಹಗೇವು ನಾ ಮುಟ್ಟಂಗಿಲ್ಲ,” ಎಂದಳು ಆಕೆ. ‘ಅವ್ವಾರ’ ಹೋಗಿ ‘ಅವ್ವಾ’ ಆಗಿತ್ತು. “ಆದ್ರ ಮುಂದಿನ ಓಣಿ ಮಂದಿ ಸಿಲಿಂಡರ್ ಹೊತ್ತು ಸಾಕಾಗಿ ಪೈಪಿನ ದಾರಿ ಕಾಯಾಕತ್ತಾರ. ಈ ಓಣಿ ದಾಟದ ಅಲ್ಲಿಗೆ ಹೋಗೂದ ಆಗಂಗಿಲ್ಲ. ತವರಮನ್ಯಾಗ ಕೇಳಬಾರದು, ಆದ್ರೂ ಕೇಳ್ತೇನಿ. ಎಲ್ಲಿಂದರ ಒಂದು ದಾರಿ ಕೊಡು.”

ದೊಡ್ಡವ್ವನ ಕೈ ರೊಟ್ಟಿಯ ಮೇಲೆ ನಿಂತಿತು. ಆಕೆಯ ಸಂಕಟ ನನಗೂ ಕಂಡಿತು. ಹಗೇವು ಕೊಡಲು ಬರುವುದಿಲ್ಲ, ಉಡಿ ತುಂಬಿದ ಮಗಳು ಬಾಯಿ ಬಿಟ್ಟು ಕೇಳಿದ ಮೇಲೆ ಇಲ್ಲ ಅನ್ನಲೂ ಬರುವುದಿಲ್ಲ. ಒಲೆ ನೋಡಿದಳು, ಗಂಡನನ್ನು ನೋಡಿದಳು. ಕಿವಿಯ ಯಂತ್ರ ಕಿಸೆಯಲ್ಲೇ ಇತ್ತು. ಆಮೇಲೆ ಕಿಟಕಿಯಿಂದ ಹೊರಗೆ ನೋಡಿದಳು. ಕಿಟಕಿಗೆ ನೇರ ಎದುರು ನನ್ನ ಮನೆ.

“ಅಲ್ಲಿ ಬೇಕಾದಷ್ಟು ಜಾಗಾ ಐತಲ್ಲ,” ಎಂದಳು.

ನಾನು ರೊಟ್ಟಿ ಬಿಟ್ಟು ಕಿಟಕಿಯತ್ತ ಕತ್ತು ಚಾಚಿದೆ. ದೀಪಾವಳಿಯ ಮುಂದೆ ತಾನೇ ಬಾಗಿಲ ಮುಂದೆ ಹೊಸ ಟೈಲ್ಸು ಹಾಕಿಸಿದ್ದೆ. ಬೂದು, ಕೆಂಪು, ಬೂದು, ಕೆಂಪು. ಎಲ್ಲರ ಹಾಗೆ ರಸ್ತೆಯನ್ನೂ ಒಂದಿಷ್ಟು ಒಳಗೆ ಹಾಕಿಕೊಂಡಿದ್ದೆ. ಹಾಗಾಗಿ ಯಾರ ಮುಂದೆಯೂ ದೂರು ಹೇಳಲು ಬರುವಂತಿರಲಿಲ್ಲ.

“ದೊಡ್ಡವ್ವಾ, ಅದು ನನ್ನ ಟೈಲ್ಸು!”

“ಹೌದು, ಅದಕ್ಕೇನೀಗ? ಉಡಿ ತುಂಬೂ ಮುಂದ ತಟ್ಟಿ ಹಿಡದಾವ ಯಾರು? ನೀನ ಹೌದಲ್ಲೋ? ಅಂದಮ್ಯಾಲ ನೀ ಅಣ್ಣ. ತಂಗಿಗೆ ನಾಕು ಫರಸಿ ಕೊಡಂಗಿಲ್ಲೇನು?”

ತಂಗಿ ನನ್ನತ್ತ ತಿರುಗಿದಳು. ಅಷ್ಟೊಂದು ಪ್ರೀತಿಯಿಂದ ನನ್ನನ್ನು ಯಾವ ವಿದ್ಯಾರ್ಥಿಯೂ ನೋಡಿಲ್ಲ. “ಅಣ್ಣಾರ, ಮತ್ತ ಹೊಸದಾಗಿ ಹಾಕಿಸಿ ಕೊಡತೇವ್ರಿ.”

ಆ ಹೊತ್ತಿಗೆ ನನಗೆ ನೆನಪಾದದ್ದು ಡೇರೆಯೊಳಗಿನ ಒಬ್ಬ ಮನುಷ್ಯ. ಸಾಹೇಬರಿಗೂ ಮುಖಂಡರಿಗೂ ನಡುವೆ ಒಬ್ಬ ದುಭಾಷಿ ಇರಲೇಬೇಕಲ್ಲ? ಇಷ್ಟು ವರ್ಷ ಪಾಠ ಮಾಡಿ ಅವನ ಬಗ್ಗೆ ಒಂದು ಮಾತು ಆಡಿಲ್ಲ. ಚಹಾದ ತಟ್ಟೆ ಹಿಡಿದುಕೊಂಡು ನಿಂತಿದ್ದನೋ ಏನೋ. ಎರಡೂ ಕಡೆಯವರು ಖುಷಿಯಾಗಿ ಎದ್ದು ಹೋದ ಮೇಲೆ ಯಾರ ಅಂಗಳ ಅಗೆದರು ಎಂದು ಯಾರಾದರೂ ಬರೆದಿಟ್ಟಿದ್ದಾರೆಯೆ?

“ಹೂಂ ಅನ್ನೋ,” ಎಂದಳು ದೊಡ್ಡವ್ವ, ಇನ್ನೊಂದು ರೊಟ್ಟಿ ನನ್ನ ತಾಟಿಗೆ ಎಸೆದು.

ಹೂಂ ಎಂದೆ.

ಹಗೇವು ಇದ್ದಲ್ಲೇ ಇದೆ, ಖಾಲಿಯಾಗಿ, ಕುಂಕುಮ ಹಚ್ಚಿಕೊಂಡು. ನನ್ನ ಟೈಲ್ಸು ತಿರುಗಿ ಹಾಕಿದರು. ಈಗ ಬೂದು, ಬೂದು, ಕೆಂಪು, ಬೂದು. ಪಂಚಮಿಗೆ ಮಗಳು ಬಂದು, ಡಬ್ಬಿ ತುಂಬ ಉಂಡಿ ಕಟ್ಟಿಸಿಕೊಂಡು ಹೋಗುವಾಗ ಬಾಗಿಲಲ್ಲಿ ನಿಂತು, “ಅಣ್ಣಾರ, ಫರಸಿ ಛಲೋ ಹಾಕ್ಯಾರೇನ್ರಿ?” ಎಂದು ಕೇಳಿದಳು. ಛಲೋ ಹಾಕ್ಯಾರವ್ವಾ ಎಂದೆ. ಹಬ್ಬಕ್ಕೆ ಬಂದ ತಂಗಿಗೆ ಬೇರೆ ಏನು ಹೇಳುವುದು? ಗ್ಯಾಸು ಬಂದ್ ಮಾಡಿದೆನೋ ಇಲ್ಲವೋ ಎಂದು ನೋಡಲು ಈಗ ನಾನು ಅಡಿಗೆ ಮನೆಗೆ ಹೋಗಿ, ಅಲ್ಲಿಂದ ಬಾಗಿಲಿಗೂ ಬಂದು ಬಗ್ಗಿ ನೆಲದ ವಾಸನೆ ಹಿಡಿಯುತ್ತೇನೆ.

ಒಂದು ಕೆಂಪು ಟೈಲು ಸಡಿಲಾಗಿದೆ. ಸ್ಕೂಟರ್ ಹೊರಗೆ ತೆಗೆದಾಗೊಮ್ಮೆ ಟಕ್ ಅನ್ನುತ್ತದೆ. ಎದುರಿಗೆ ಹಗೇವಿನ ಕಲ್ಲಿನ ಮೇಲೆ ಸೊಪ್ಪು ಸೋಸುತ್ತ ಕೂತ ದೊಡ್ಡವ್ವ ತಲೆ ಎತ್ತದೇ ಕೂಗುತ್ತಾಳೆ:

“ಸಾವಕಾಶ ಹೋಗೋ! ಕೆಳಗ ತಂಗಿ ಪೈಪ್ ಐತಿ.”